ಹಿಂದಿನ ಸೀಟಿನ ಅಳತೆ

೧೯೫೪ರ ನವೆಂಬರ್ ಎಂಟು, ಸೋಮವಾರ. ಬೆಳಿಗ್ಗೆ ಟೊರಿನೊ ನಗರದ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರ್ ಇವಾಲ್ದಿ ಎರಡು ಸಲ ಓದಿಸಿಕೊಂಡರು. ಕಳುವಾದದ್ದು ಒಂದು ಸೀಟು. ಅದೂ ಕೂತರೆ ಬೆನ್ನು ನೋಯುವಂಥ, ಮರ ಮತ್ತು ಪ್ಲಾಸ್ಟರಿನ ಸೀಟು.

ದೂರುದಾರ ಒಡಾಸ್ಸೊ ಕಾರು ಕಂಪನಿಯೊಂದರ ವಿನ್ಯಾಸ ವಿಭಾಗದ ಮುಖ್ಯಸ್ಥ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಹಿಡಿಸುವಷ್ಟೇ ಪುಟ್ಟದಾದ ಕಾರೊಂದನ್ನು ಆ ಕಂಪನಿ ಮೂರು ವರ್ಷಗಳಿಂದ ರೂಪಿಸುತ್ತಿತ್ತು. ತಗಡು ಬಡಿಯುವ ಮೊದಲು ಇಡೀ ಕಾರನ್ನು ಮರದಲ್ಲಿ ಮಾಡಿ ನೋಡುವುದು ರೂಢಿ. ಆ ಮರದ ಕಾರಿನ ಹಿಂದಿನ ಸೀಟೇ ಮಾಯವಾಗಿತ್ತು.

“ಇದು ಎದುರಾಳಿ ಕಂಪನಿ ಕೈವಾಡ,” ಎಂದರು ಒಡಾಸ್ಸೊ. “ಗೇಟಿನ ಕಾವಲುಗಾರ ಗಾಸ್ಪರೆ ಮೊದ್ಲು ಅವ್ರ ಹತ್ರಾನೇ ಇದ್ದ. ಎಳ್ಕೊಂಡು ಬಂದು ಎರಡು ಬಿಗಿದ್ರೆ ಬಾಯಿ ಬಿಡ್ತಾನೆ.”

“ಯಾರಿಗೆ ಬಿಗೀಬೇಕು ಅನ್ನೋದನ್ನ ನಮಗೆ ಬಿಡಿ.”

ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪೀಗಾನನ್ನು ಕರೆದುಕೊಂಡು ಇವಾಲ್ದಿ ಸ್ಥಳಕ್ಕೆ ಹೋದರು. ಶೆಡ್ಡಿನ ನಡುವೆ ಮರದ ಕಾರು ನಿಂತಿತ್ತು. ಪೀಗಾ ಸಾರ್ಡಿನಿಯಾ ದ್ವೀಪದವನು, ಬಾಯಿ ಸುಮ್ಮನಿರುವುದಿಲ್ಲ.

“ನಮ್ಮೂರ ಕತ್ತೆನೇ ಇದಕ್ಕಿಂತ ದೊಡ್ಡದು ಸಾರ್.”

“ನಿಮ್ಮೂರ ಕತ್ತೆ ಮೇಲೆ ನಾಲ್ಕು ಜನ ಕೂರ್ತಾರೇನಯ್ಯ?” ಎಂದ ಹಿರಿಯ ಬಡಗಿ ಗ್ರಿಬಾವ್ದೊ.

ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಸೀಟನ್ನು ಎಳೆದು ಕಿತ್ತಿರಲಿಲ್ಲ, ತಿರುಪುಗಳನ್ನು ಬಿಚ್ಚಿ ಒಂದು ಬಟ್ಟಲಿನಲ್ಲಿ ಇಟ್ಟಿದ್ದರು. ಇಷ್ಟು ಅಚ್ಚುಕಟ್ಟಾದ ಕಳ್ಳನನ್ನು ಇವಾಲ್ದಿ ನೋಡಿರಲಿಲ್ಲ.

“ಕೊನೇ ಸಲ ಯಾವಾಗ ನೋಡಿದ್ದು?”

“ಶನಿವಾರ ಮಧ್ಯಾಹ್ನ,” ಎಂದ ಗ್ರಿಬಾವ್ದೊ. “ಇವತ್ತು ಜೆಮ್ಮಾನ ಕೊಯ್ಯೋದಿತ್ತು. ಸಾಮಾನಿಡೋಕೆ ಜಾಗ ಸಾಲ್ದು, ನಾಲ್ಕು ಬೆರಳು ಕಮ್ಮಿ ಮಾಡು ಅಂತ ಒಡಾಸ್ಸೊ ಸಾಹೇಬ್ರು ಹೇಳಿದ್ರು.”

ಜೆಮ್ಮಾ ಎಂದರೆ ಈ ಕಸುಬಿನಲ್ಲಿ ಹಿಂದಿನ ಸೀಟಿಗಿರುವ ಹೆಸರೆಂದುಕೊಂಡು ಇವಾಲ್ದಿ ಮುಂದೆ ಹೋದರು. ಗೇಟಿನಲ್ಲಿ ಗಾಸ್ಪರೆ ಆಗಲೇ ಬಿಳಿಚಿಕೊಂಡಿದ್ದ.

“ಜೆಮ್ಮಾನ ನಾನ್ಯಾಕೆ ಕದೀಲಿ ಸಾಹೇಬ್ರೇ? ಈ ಕೆಲ್ಸ ಹೋದ್ರೆ ನನ್ನ ಹೆಂಡ್ತಿ ಮಕ್ಕಳು ಬೀದಿಗೆ ಬೀಳ್ತಾರೆ.”

“ಶನಿವಾರ ಏನೇನು ಹೊರಗೆ ಹೋಯ್ತು?”

“ಮರದ ಚೂರು. ಒಲೆಗೆ ಅಂತ ಎಲ್ರೂ ಒಯ್ತಾರೆ, ಮೊದ್ಲಿಂದ ನಡೆದು ಬಂದಿದೆ. ಕೆದಕಿ ನೋಡೋಕೆ ನಂಗೇ ನಾಚ್ಕೆ. ಈ ಸಲ ರಸೇರೊ ಸಾಹೇಬ್ರೂ ಒಂದು ಕೈಗಾಡಿ ತುಂಬಾ ಒಯ್ದ್ರು. ನಾನೇ ರಸ್ತೆ ದಾಟಿಸ್ಕೊಟ್ಟೆ, ಪಾಪ.”

“ಪಾಪ ಯಾಕೆ?”

ಗಾಸ್ಪರೆ ತಿರುಗಿ ಗೇಟಿನ ಚಿಲಕ ಸರಿಪಡಿಸತೊಡಗಿದ.

ರಸೇರೊ ಕಾರಿನ ಒಳಭಾಗದ ವಿನ್ಯಾಸಕಾರ. ನಲವತ್ತು ದಾಟಿದ, ಇಸ್ತ್ರಿ ಅಂಗಿಯ ಮನುಷ್ಯ. ಕೇಳಿದ್ದಕ್ಕಷ್ಟೇ ಉತ್ತರಿಸಿದ.

“ಸೀಟು ಯಾರು ಮಾಡಿದ್ದು?”

“ಹಿಂದಿನ ಸೀಟು ನನ್ನ ವಿನ್ಯಾಸ.”

“ಯಾರಿಗೆ ಬೇಕಾಗಿರಬಹುದು?”

“ಹಿಂದಿನ ಸೀಟು ಯಾರಿಗೆ ಬೇಕು ಸಾಹೇಬ್ರೇ.”

ಹೊರಗೆ ಬಂದ ಇವಾಲ್ದಿಗೆ ಏನೋ ಕೊರೆಯತೊಡಗಿತು. ಬಡಗಿಯಿಂದ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಜೆಮ್ಮಾ. ಅದನ್ನು ಮಾಡಿದವನೊಬ್ಬನೇ ಆ ಮಾತು ಆಡುತ್ತಿಲ್ಲ. ಅವರು ಗ್ರಿಬಾವ್ದೊನನ್ನು ಪಕ್ಕಕ್ಕೆ ಕರೆದರು.

“ಜೆಮ್ಮಾ ಅಂದ್ರೆ ಏನು?”

ಮುದುಕ ಟೋಪಿ ತೆಗೆದ. “ರಸೇರೊನ ಮಗಳು. ಹಿಂದೆ ಮಕ್ಕಳು ಕೂರೋ ಕಾರಲ್ವಾ, ಅಳತೆಗೆ ಒಂದು ಮಗು ಬೇಕಿತ್ತು. ಇಸ್ಕೂಲು ಬಿಟ್ಟ ಮೇಲೆ ಕರ್ಕೊಂಡು ಬರ್ತಿದ್ದ. ಹಸಿ ಪ್ಲಾಸ್ಟರ್ ಮೇಲೆ ಬಟ್ಟೆ ಹಾಸಿ ಕೂರಿಸಿದ್ವಿ. ತಣ್ಣಗಿದೆ ತಣ್ಣಗಿದೆ ಅಂತ ನಗ್ತಿತ್ತು ಆ ಕೂಸು. ಅವತ್ತಿಂದ ನಾವು ಸೀಟು ಅನ್ನಲಿಲ್ಲ. ಮಾರ್ಚಿನಲ್ಲಿ ಮಿದುಳು ಜ್ವರ ಬಂತು. ಮೂರೇ ದಿನ. ಹೆಸರು ಮಾತ್ರ ನಮ್ಮ ಬಾಯಿಂದ ಹೋಗ್ಲಿಲ್ಲ.”

ಮಗಳ ಹೆಸರನ್ನು ದಿನವಿಡೀ ಕಿವಿ ತುಂಬಾ ಕೇಳುತ್ತ ಅದೇ ಶೆಡ್ಡಿನಲ್ಲಿ ಕೆಲಸ ಮಾಡಿದವನನ್ನು ಹಿಡಿಯಲು ಇವಾಲ್ದಿಗೆ ಮನಸ್ಸಾಗಲಿಲ್ಲ. ಹಾಗೆಂದು ಬಿಡುವಂತಿರಲಿಲ್ಲ. ಬಿಟ್ಟರೆ ಗಾಸ್ಪರೆ ಬಲಿಯಾಗುತ್ತಿದ್ದ.

ಸಂಜೆ ಶೋಧನಾ ವಾರಂಟಿನೊಂದಿಗೆ ಅವರು ರಸೇರೊನ ಮನೆಗೆ ಹೋದರು. ಹೊಸ ಕಟ್ಟಡ, ನಾಲ್ಕನೇ ಮಹಡಿ. ಗೋಡೆಗಳುದ್ದಕ್ಕೂ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳಿದ್ದವು, ಮರದ ಚೂರು ಹಾಕಲು ಸೌದೆ ಒಲೆ ಇರಲಿಲ್ಲ. ಬಚ್ಚಿಡುವ ಗೊಡವೆಗೂ ಹೋಗದೆ ಸೀಟನ್ನು ಅಡುಗೆಮನೆಯ ಕಿಟಕಿಯ ಕೆಳಗೇ ಇಟ್ಟಿದ್ದರು. ಪ್ಲಾಸ್ಟರಿನಲ್ಲಿ ಪುಟ್ಟದೊಂದು ತಗ್ಗು. ಹೆಂಡತಿ ಫೌಸ್ತಾ ನೆಲದ ಮೇಲೆ ಕೂತು ಅದರೊಳಗೆ ಅಂಗೈ ಇಟ್ಟಿದ್ದಳು. ಪೊಲೀಸರು ಬಂದರೂ ತೆಗೆಯಲಿಲ್ಲ.

“ಕಂಪನಿಯನ್ನ ಕೇಳಬಹುದಿತ್ತಲ್ಲ?” ಎಂದರು ಇವಾಲ್ದಿ.

“ಕೇಳಿದ್ದೆ. ಹೊಸ ಕಾರಿನ ಅಳತೆ ಹೊರಗೆ ಹೋಗೋ ಹಾಗಿಲ್ಲ ಅಂದ್ರು ಒಡಾಸ್ಸೊ.” ರಸೇರೊ ಗೋಡೆಗೆ ಒರಗಿದ. “ಗೋರಿ ಮೇಲೆ ಕಲ್ಲು ಹಾಕ್ಸಿದ್ದೀನಿ. ಅದು ಎಲ್ರ ಕಲ್ಲಿನ ಹಾಗೇ ಇದೆ. ಇದು ಅವಳದ್ದು.”

ಪೀಗಾ ಟೇಪು ತೆಗೆದು ಉದ್ದ ಅಗಲ ಹಿಡಿದ. ಆ ತಗ್ಗಿಗೆ ಬಂದಾಗ ಇವಾಲ್ದಿ ಬೇಡವೆಂದು ತಲೆಯಾಡಿಸಿದರು. ಫೌಸ್ತಾ ಎದ್ದು ಒಂದು ಕಂಬಳಿ ತಂದು ಸೀಟಿಗೆ ಸುತ್ತಿದಳು.

“ಮೆಟ್ಟಿಲಲ್ಲಿ ಎಲ್ಲೂ ತಗಲಿಸ್ಬೇಡಪ್ಪ,” ಎಂದಳು ಪೀಗಾನಿಗೆ. ಅವನು ಟೇಪು ಜೇಬಿಗಿಳಿಸಿ ಕಂಬಳಿಯ ಅಂಚನ್ನು ಇನ್ನಷ್ಟು ಬಿಗಿದ.

ರಸೇರೊ ಕೋಟು ಹಾಕಿಕೊಂಡ. “ನಾಳೆ ಕಂಪನಿಗೆ ವಾಪಸ್ ಕೊಡ್ತೀರಾ?”

“ಇಲ್ಲ. ಇದು ಈಗ ಮುದ್ದೇಮಾಲು. ಕೇಸು ಮುಗಿಯೋವರೆಗೂ ಕೋರ್ಟಿನ ವಶದಲ್ಲಿರುತ್ತೆ.”

“ಅಲ್ಲೀವರೆಗೂ ಕೊಯ್ಯೋ ಹಾಗಿಲ್ವಾ?”

“ಯಾರೂ ಮುಟ್ಟೋ ಹಾಗಿಲ್ಲ. ನೀವು ತಪ್ಪು ಒಪ್ಕೊಂಡ್ರೆ ಬೇಗ ಮುಗಿಯುತ್ತೆ, ಇಲ್ಲಾಂದ್ರೆ ವರ್ಷಗಟ್ಲೆ ಎಳೆಯುತ್ತೆ. ಶಿಕ್ಷೆನೂ ಕಮ್ಮಿ ಆಗುತ್ತೆ.”

ರಸೇರೊ ಹೆಂಡತಿಯ ಮುಖ ನೋಡಿದ. ಅವಳು ಹೂಂ ಎನ್ನುವಂತೆ ನಿಧಾನವಾಗಿ ತಲೆಯಾಡಿಸಿದಳು.

“ಹಾಗಾದ್ರೆ ನಾನು ಕದ್ದಿಲ್ಲ ಅಂತ ಬರ್ಕೊಳ್ಳಿ ಸಾಹೇಬ್ರೇ.”

ಇವಾಲ್ದಿ ಹಾಗೆಯೇ ಬರೆದುಕೊಂಡರು.