ಖಾಲಿ ಮನೆಯ ರಂಗೋಲಿ

ನವ್ಯಾ ಓಡಿ ಬರುವಷ್ಟರಲ್ಲಿ ಆ ಹಳದಿ ಜೆಸಿಬಿ ಗಕ್ಕನೆ ನಿಂತಿತು! ಹೆಲ್ಮೆಟ್ ಹುಡುಗನೊಬ್ಬ ಕೆಳಗೆ ಹಾರಿದ. ಈ ಪರದೇಶದಲ್ಲೂ ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಕನ್ನಡ.

"ಯಾರ್ರೀ ಒಳಗಿರೋದು? ಎಲ್ಲಾ ಖಾಲಿ ಅಂದಿದ್ರಲ್ಲ!"

ಅಯ್ಯೋ... ನಮ್ಮವನು!

"ಯಾರೂ ಇಲ್ಲ," ಎಂದಳು ನವ್ಯಾ.

"ಮತ್ತೆ ಮೆಟ್ಟಿಲ ಮೇಲೆ ರಂಗೋಲಿ?"

"ನಾನೇ ಹಾಕಿದ್ದು. ಇವತ್ತು ಒಡೀತಾರಲ್ಲ... ಕೊನೇ ಸಲ ಅಂತ."

"ರಂಗೋಲಿ ಇದ್ರೆ ಮನೇಲಿ ಜನ ಇದಾರೆ ಅಂತ ತಾನೆ? ನನ್ನ ಜೀವ ಬಾಯಿಗೆ ಬಂತಲ್ರೀ!"

ಅಳು ಬರಬೇಕಿತ್ತು. ನಗು ಬಂತು.

ಪೆಲಿಕನ್ ಟೆರೇಸ್... ಮಹಾಯುದ್ಧ ಮುಗಿದ ಹೊಸತರಲ್ಲಿ ಕೂಲಿಯವರಿಗಂತ ಸರ್ಕಾರ ಕಟ್ಟಿಸಿದ ಸಾಲುಮನೆಗಳು. ಆಗ ದುಡಿಯೋ ಕೈ ಬೇಕಿತ್ತು, ಈಗ ಜಾಗ ಬೇಕು! ವರ್ಷಗಟ್ಟಲೆ ಸೋರೋ ನಲ್ಲಿ ಮುಟ್ಟದವರು, ಕೊನೆಗೆ 'ವಾಸಕ್ಕೆ ಯೋಗ್ಯವಲ್ಲ' ಅಂತ ಬೋರ್ಡು ಹೊಡೆದರು. ನಾಚಿಕೆ ಬೇಡವಾ?

ಹೋಟೆಲಲ್ಲಿ ಪಾತ್ರೆ ತೊಳೆದು ಅಜ್ಜಿ ಲಿಂಗಮ್ಮ ನವ್ಯಾಳನ್ನು ಬೆಳೆಸಿದ್ದು ಈ ಮನೆಯಲ್ಲೇ. ಖಾಲಿ ಮಾಡಿಸಿದ ಮೇಲೆ ಇಬ್ಬರೂ ಸೇರಿದ ಕ್ಯಾಂಪ್‌ಬೆಲ್ ಊರಿನ ಅಪಾರ್ಟ್‌ಮೆಂಟಲ್ಲಿ ಬಾಗಿಲಾಚೆ ಬರೀ ಕಾರ್ಪೆಟ್ಟು. ರಂಗೋಲಿ ಎಲ್ಲಿ ಹಾಕೋದು? ಅಜ್ಜಿ ಮಾತೇ ಬಿಟ್ಟಿದ್ದಳು.

"ಆ ಮೆಟ್ಟಿಲ ಕಲ್ಲು ಕೊಡ್ತೀರಾ? ಅಜ್ಜಿಗೆ..."

"ನನ್ನ ನಂಬರು ತಗೊಳ್ಳಿ, ಅಡ್ರೆಸ್ ಕಳಿಸಿ. ಶನಿವಾರ ನಾನೇ ತರ್ತೀನಿ. ನಾನು ಅಜಯ್, ಹಾಸನದ ಕಡೆಯವನು. ಮಾತು ಅಂದ್ರೆ ಮಾತು."

ಮಾರನೇ ದಿನ ಆಫೀಸಿಗೆ ಹೋಗುವಾಗ ಫ್ರೀವೇ ಬಿಟ್ಟು ಬಂದು ನೋಡಿದಳು. ಮನೆಯಿದ್ದಲ್ಲಿ ಕಲ್ಲುಮಣ್ಣಿನ ಗುಡ್ಡೆ! ಮೆಟ್ಟಿಲೂ ಇಲ್ಲ.

'ಸುಳ್ಳುಗಾರ!' ಮೆಸೇಜು ಹಾಕಿ ನಂಬರು ಬ್ಲಾಕ್ ಮಾಡಿದಳು. ಕಾರಲ್ಲೇ ಕೂತು ಅತ್ತಳು. ಕಲ್ಲಿಗಾಗಿಯಾ... ಅವನಿಗಾಗಿಯಾ?

ಶನಿವಾರ ಗ್ರೋಸರಿ ಹೊತ್ತು ಬಂದರೆ, ಕಾರಿಡಾರ್ ತುಂಬ ಅಜ್ಜಿಯ ನಗು!

ಕಾರ್ಪೆಟ್ ಮೇಲೆ ಹಲಗೆ, ಹಲಗೆ ಮೇಲೆ ಅದೇ ಮೆಟ್ಟಿಲು. ಅಜ್ಜಿ ಬಗ್ಗಿ ಎಳೆ ಎಳೆಯುತ್ತಿದ್ದಳು. ರಂಗೋಲಿ ಡಬ್ಬಿ ಹಿಡಿದು ನಿಂತಿದ್ದವನು ಅಜಯ್.

"ಮೊದ್ಲು ಕಲ್ಲು ಎತ್ತಿಟ್ಟೆ, ಆಮೇಲೆ ಮನೆ ಒಡೆದೆ," ಎಂದ ಅವನು. "ಹೇಳೋಣ ಅಂದ್ರೆ 'ಸುಳ್ಳುಗಾರ' ಅಂತ ಬೈದು ಬ್ಲಾಕು!"

"ಬೈದ್ಲಾ?" ಅಜ್ಜಿ ತಲೆಯೆತ್ತಿದಳು. "ಹಂಗಾದ್ರೆ ಇಷ್ಟ ಆಗಿದೀಯ ಬಿಡಪ್ಪ. ಇವಳ ತಾತನಿಗೆ ನಾನು ದಿನಾ ಬೈತಿದ್ದೆ."

"ಅಜ್ಜೀ! ಬಿಲ್ಡಿಂಗ್ ಮ್ಯಾನೇಜರ್ ನೋಡಿದ್ರೆ?"

"ನೋಡ್ಲಿ. ಅವನ ಶೂ ಮೇಲೂ ಒಂದು ಎಳೆ ಎಳೀತೀನಿ!"

ಕಾಫಿ ನೆಪ ಹೇಳಿ ಅಜ್ಜಿ ಒಳಗೆ ಹೋದಳು.

"ಸಾರಿ..." ನವ್ಯಾಳ ಕಣ್ಣು ತುಂಬಿತ್ತು.

"ಸಾರಿ ಬೇಡ. ನನ್ನ ಬಾಗಿಲಿಗೂ ಒಂದು ರಂಗೋಲಿ ಹಾಕ್ತೀರಾ? ಒಳಗೆ ಜನ ಇದಾರೆ ಅಂತ ನನಗೂ ಅನ್ನಿಸ್ಲಿ..."

"ದಿನಾನಾ?"

"ದಿನಾ."

"ನಿಮ್ಮಲ್ಲೂ ಕಾರ್ಪೆಟ್ಟಾ?"

"ಇಲ್ಲ, ಸಿಮೆಂಟು!"

"ಹಂಗಿದ್ರೆ..." ಡಬ್ಬಿ ಕಿತ್ತುಕೊಂಡಳು ಅವಳು. "ಬರ್ತೀನಿ."