ಒಂದೇ ದಿನಕ್ಕೆ ಮುಗಿಯುವ ಸಿನಿಮಾ

“ಅಯ್ಯೋ, ನಿಲ್ಲಿಸಬೇಡಿ!”

ಅಜ್ಜಿಮನೆಯ ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜನರ ಮುಂದೆ ಬಾಯಿ ಬಿಡದ ರೂಪಶ್ರೀ ಕೂಗಿದ್ದಳು!

ಪರದೆಯ ಮೇಲೆ ಅಡುಗೆಯವರ ತಂಡ ತಪ್ಪಿ ಬೇರೆ ಮದುವೆಮನೆಗೆ ನುಗ್ಗಿತ್ತು. ಪ್ರೊಜೆಕ್ಟರ್ ಆರಿಸಲು ಹೋದ ಹುಡುಗನ ಕೈ ಹಾಗೇ ನಿಂತಿತು.

“ಇದನ್ನ ನಿಲ್ಲಿಸದಿದ್ರೆ ದಾರೀಲಿ ಆನೆ ನನ್ನ ನಿಲ್ಲಿಸುತ್ತೆ ರೀ,” ಎಂದು ಅವನು ನಕ್ಕ. “ಉಳಿದದ್ದು ಮುಂದಿನ ಭಾನುವಾರ.”

ಅವಳ ಕೆನ್ನೆ ಬಿಸಿಯಾಯಿತು. ಅವನ ನೋಟ ಮಾತ್ರ ಅವಳನ್ನು ಬಿಟ್ಟು ಕದಲಲಿಲ್ಲ...

ಅವನು ಪ್ರದೀಪ್. ಮಸಿನಗುಡಿಯ ಹೋಂಸ್ಟೇ ಒಂದರಲ್ಲಿ ಕೆಲಸ. ಅಂದಿನಿಂದ ಪ್ರತಿ ಭಾನುವಾರ ಅತಿಥಿಗಳ ಮಧ್ಯಾಹ್ನದ ಊಟ ಮುಗಿದ ಮೇಲೆ, ‘ಮಾವನಲ್ಲ’ ಎಂಬ ಪಕ್ಕದ ಊರಿನಲ್ಲಿದ್ದ ರೂಪಶ್ರೀಯ ಅಜ್ಜಿ ಲಿಂಗಾಜಮ್ಮನ ಮನೆಗೆ ಪ್ರೊಜೆಕ್ಟರ್ ತರುತ್ತಿದ್ದ. ಅಕ್ಕಪಕ್ಕದವರೂ ಸೇರುತ್ತಿದ್ದರು. ಕತ್ತಲಾದರೆ ಕಾಡಿನ ರಸ್ತೆಯಲ್ಲಿ ಬೈಕ್ ಓಡಿಸುವಂತಿಲ್ಲ. ಬಿಸಿಲು ಇಳಿದರೆ ಸಿನಿಮಾ ಅರ್ಧಕ್ಕೇ ನಿಲ್ಲುತ್ತಿತ್ತು.

“ಅಳೋ ಪಡ ತಂದ್ರೆ ಒಳಗೇ ಬಿಡಲ್ಲ ಕಣೋ!” ಅಜ್ಜಿಯ ಆಜ್ಞೆ. ಸಿನಿಮಾ ಅವರ ಬಾಯಲ್ಲಿ ‘ಪಡ’.

ನಗಿಸುವ ಸಿನಿಮಾ ಹುಡುಕುವ ಹೊಣೆ ಪದವಿ ಮುಗಿಸಿ ಮನೆಯಲ್ಲಿದ್ದ ರೂಪಶ್ರೀಯದು. ವಾರವೆಲ್ಲ ಫೋನಿನಲ್ಲಿ ಟ್ರೈಲರ್ ನೋಡಿ, ಹೆಸರನ್ನು ಅವನಿಗೆ ಕಳಿಸುತ್ತಿದ್ದಳು. ಉದ್ದದ್ದನ್ನೇ ಆರಿಸುತ್ತಿದ್ದಳು. ಅರ್ಧ ಉಳಿದರೆ ಅವನು ಮತ್ತೆ ಬರಲೇಬೇಕಲ್ಲ!

ಒಂದು ಗುರುವಾರ ಅವನ ಮೆಸೇಜ್ ಬಂತು.

“ಈ ಸಲ ಚಿಕ್ಕದು ಆರಿಸಿ. ಒಂದೇ ದಿನಕ್ಕೆ ಪೂರ್ತಿ ಮುಗೀಬೇಕು.”

ಅವಳು ಅದನ್ನು ಮತ್ತೊಮ್ಮೆ ಓದಿದಳು. ‘ಮತ್ತೆ ಬರಲು ಅವನಿಗೆ ಇಷ್ಟವಿಲ್ಲ...’ ‘ಯಾಕೆ?’ ಎಂದು ಟೈಪ್ ಮಾಡಿ ಅಳಿಸಿದಳು. ಚಿಕ್ಕದೊಂದರ ಹೆಸರು ಕಳಿಸಿದಳು.

ಭಾನುವಾರ ಹಾಕಿದ್ದು, ಕಳೆದುಹೋದ ಮೇಕೆಯನ್ನು ಇಡೀ ಊರು ಹುಡುಕುವ ಕಥೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ರೂಪಶ್ರೀಗೆ ಮಾತ್ರ ನಗು ಬರಲಿಲ್ಲ.

ಸಿನಿಮಾ ಮುಗಿಯಿತು. ಜಗಲಿಯ ಮೇಲೆ ಇನ್ನೂ ಬಿಸಿಲಿತ್ತು. ನೆರೆಯವರು ಎದ್ದುಹೋದರು. ಅಜ್ಜಿ ಕಾಫಿ ಮಾಡಲು ಒಳನಡೆದರು. ಪರದೆಗೆಂದು ಕಟ್ಟಿದ್ದ ಬೆಡ್‌ಶೀಟನ್ನು ರೂಪಶ್ರೀ ಬಿಚ್ಚತೊಡಗಿದಳು. ಪ್ರದೀಪ್ ಹೊರಡಲಿಲ್ಲ.

“ಇನ್ಮೇಲೆ ಬರಲ್ಲ ಅಲ್ವಾ ನೀವು?” ಅವಳು ಕೇಳಿದಳು.

“ಯಾರು ಹೇಳಿದ್ದು?”

“ಒಂದೇ ದಿನಕ್ಕೆ ಮುಗೀಬೇಕು ಅಂದ್ರಲ್ಲ...”

ಅವನು ನಗಲು ಹೋಗಿ, ಅವಳ ಕಣ್ಣು ನೋಡಿ ತಡೆದುಕೊಂಡ.

“ಪ್ರತಿ ವಾರ ಸಿನಿಮಾ ನಿಲ್ಲಿಸಿ ಓಡೋದೇ ಆಯ್ತು ರೀ. ನಿಮ್ಮ ಹತ್ರ ಮಾತಾಡೋಕೆ ಒಂಚೂರು ಬಿಸಿಲು ಉಳಿಸ್ಕೋಬೇಕಿತ್ತು. ಅದಕ್ಕೇ ಚಿಕ್ಕದು ಕೇಳಿದೆ.”

“ಏನು... ಮಾತು?”

“ನಂಗೆ ನೀವಂದ್ರೆ ತುಂಬಾ ಇಷ್ಟ.”

ಬೆಡ್‌ಶೀಟ್ ಅವಳ ಕೈಯಿಂದ ಜಾರಿತು. ಅವನು ಒಂದು ತುದಿ ಎತ್ತಿಕೊಂಡ, ಅವಳು ಇನ್ನೊಂದು. ಮಡಿಸುತ್ತಾ ಮಡಿಸುತ್ತಾ ಇಬ್ಬರೂ ಹತ್ತಿರವಾದರು.

“ನಾನು ಉದ್ದದ್ದನ್ನೇ ಆರಿಸ್ತಿದ್ದೆನಲ್ಲ, ಯಾಕೆ ಗೊತ್ತಾ?” ಮೆಲ್ಲನೆ ಕೇಳಿದಳು. “ನೀವು ಮತ್ತೆ ಬರಲಿ ಅಂತ...”

ಒಳಗಿನಿಂದ ಅಜ್ಜಿಯ ದನಿ. “ಮಡಿಸಿದ್ದಾಯ್ತೇನೋ? ಕಾಫಿ ಆರ್ತಾ ಇದೆ!”

ಇಬ್ಬರೂ ನಕ್ಕರು.

“ಹಾಗಾದ್ರೆ ಮುಂದಿನ ವಾರ ಉದ್ದದ್ದಾ?”

“ಊಹೂಂ... ಚಿಕ್ಕದೇ,” ತಲೆ ತಗ್ಗಿಸಿ ಹೇಳಿದಳು. “ಬಿಸಿಲು ಉಳೀಬೇಕಲ್ಲ!”