ಕೇಳದಿದ್ದರೂ ಹೇಳಬೇಕಾದದ್ದು

ಎದುರು ಪಕ್ಷದ ವಕೀಲ ಕಾಫಿ ತಂದುಕೊಟ್ಟರೆ ಅದರಲ್ಲಿ ಏನೋ ಬೆರೆತಿರುತ್ತದೆ ಎಂದೇ ಅವಳ ನಂಬಿಕೆ. ವಿಷವಲ್ಲ, ಲೆಕ್ಕಾಚಾರ.

"ಸಕ್ಕರೆ ಹಾಕಿಲ್ಲ," ಎಂದ ಅವನು, ಲೋಟವನ್ನು ಅವಳ ಫೈಲುಗಳಿಂದ ದೂರ ಇಡುತ್ತ.

"ನಾನು ಸಕ್ಕರೆ ಹಾಕ್ಕೊಳ್ಳಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಮೇಡಂ. ಇಷ್ಟು ದಿನದಿಂದ ಎದುರಿಗೇ ಕೂತಿದ್ದೀನಿ. ಕಣ್ಣು ಎಲ್ಲಾದ್ರೂ ಇಡಬೇಕಲ್ಲ."

"ಕಾಗದದ ಮೇಲೆ ಇಡಿ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತಿತ್ತು. ಇದನ್ನು ಗಮನಿಸಿದ್ದು ಎದುರಾಳಿಯನ್ನು ಅಳೆಯುವುದಕ್ಕಷ್ಟೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಸುಟ್ಟುಹೋದ ಗೋದಾಮೊಂದರ ಕೇಸು ಅದು, ಕೋರ್ಟಿನ ಬದಲು ಮೂವರು ಮಧ್ಯಸ್ಥಗಾರರ ಮುಂದೆ ನಡೆಯುತ್ತಿತ್ತು. ಅವಳ ಕಕ್ಷಿದಾರರು ಗೋದಾಮಿಗೆ ವಿಮೆ ಕೊಟ್ಟ ಕಂಪನಿಯವರು. ಅವನ ಕಕ್ಷಿದಾರರು ಆ ವಿಮಾ ಕಂಪನಿಗೇ ವಿಮೆ ಕೊಟ್ಟವರು, ಮರುವಿಮೆಯವರು. ನಷ್ಟದಲ್ಲಿ ನಿಮ್ಮ ಪಾಲು ಕೊಡಿ ಎಂದು ಇವರು. ಬೆಂಕಿ ನಂದಿಸುವ ನೀರಿನ ಪೈಪು ಕೆಟ್ಟಿದ್ದನ್ನು ಮುಚ್ಚಿಟ್ಟಿರಿ, ಕೊಡುವುದಿಲ್ಲ ಎಂದು ಅವರು. ಈ ವ್ಯವಹಾರದ ಮೂಲ ನಿಯಮವೇ ಅಂಥದ್ದು: ಗೊತ್ತಿರುವುದನ್ನು ಎದುರಿನವರು ಕೇಳದಿದ್ದರೂ ಹೇಳಬೇಕು.

ಅಂದು ಮಧ್ಯಾಹ್ನ ಅವನು ಅವಳ ಸಾಕ್ಷಿಯಾಗಿ ಬಂದಿದ್ದ ವಿಮಾ ಕಂಪನಿಯ ನೌಕರನನ್ನು ಮೆತ್ತಗೆ ಕೇಳಿದ, "ಪೈಪಿನ ವಿಷಯ ಮೊದಲು ಗೊತ್ತಾಗಿದ್ದು ನಿಮ್ಮ ಮೂರನೇ ಮಹಡಿಯವರಿಗೆ ಅಲ್ವಾ?"

ಸಾಕ್ಷಿಯ ಮುಖ ಸಪ್ಪಗಾಯಿತು. ಅವಳ ಕೈಯ ಪೆನ್ನು ನಿಂತಿತು. ತನ್ನ ಕಕ್ಷಿದಾರರ ಕಚೇರಿಯ ಮೂರನೇ ಮಹಡಿಯಲ್ಲಿ ಏನಾಗುತ್ತದೆ ಎಂದು ಇವನಿಗೆ ಹೇಗೆ ಗೊತ್ತು?

ಸಂಜೆ ಮನೆಗೆ ಬಂದವಳೇ ಅವನ ಸಂಸ್ಥೆಯ ವೆಬ್‌ಸೈಟು ತೆರೆದು ಕೂತಳು. ಅಕ್ಕ ಒಗೆದ ಬಟ್ಟೆ ಮಡಚುತ್ತ ಹಿಂದಿನಿಂದ ಇಣುಕಿದಳು.

"ಏನೇ, ಆ ಫೋಟೋನ ಎಷ್ಟೊತ್ತು ನೋಡ್ತೀಯ?"

"ಫೋಟೋ ಅಲ್ಲ ಅಕ್ಕ, ಅನುಭವ ನೋಡ್ತಿದ್ದೀನಿ. ಹಡಗು, ಬೆಂಕಿ, ಬೆಳೆವಿಮೆ, ಮರುವಿಮೆ, ಎಲ್ಲಾ ಇದೆ. ಮಧ್ಯೆ ಎರಡು ವರ್ಷ ಮಾತ್ರ ಮಾಯ."

"ಫೋನ್ ಮಾಡಿ ಕೇಳು."

"ಎದುರು ಪಕ್ಷದವರಿಗೆ ಹಾಗೆಲ್ಲ ಫೋನ್ ಮಾಡಕ್ಕಾಗಲ್ಲ."

"ನಿನಗೆ ಗಂಡು ಹುಡುಕೋಕೆ ಪತ್ತೇದಾರನೇ ಬೇಕು ಲಾಯರಮ್ಮ," ಎಂದು ಅಕ್ಕ ದಿಂಬಿನ ಕವರು ಕೊಡವಿದಳು.

ಅವಳಿಗೆ ನಗು ಬರಲಿಲ್ಲ. ಆ ಎರಡು ವರ್ಷ ಅವನು ತನ್ನ ಕಕ್ಷಿದಾರರ ಬಳಿಯೇ ಕೆಲಸ ಮಾಡಿದ್ದರೆ? ಹಾಗಿದ್ದರೆ ಕಾಫಿಯೂ ಸುಳ್ಳು, ಆ ನಗುವೂ ಸುಳ್ಳು. ಕೇಸು ಸೋತರೆ ಇನ್ನೊಂದು ಬರುತ್ತದೆ. ತಾನು ಇಷ್ಟು ಸುಲಭವಾಗಿ ಮೋಸಹೋದೆನೆಂಬುದನ್ನು ಮಾತ್ರ ಅವಳಿಂದ ನುಂಗಿಕೊಳ್ಳಲಾಗುತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಲಿಫ್ಟಿನಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅವಳು ಅರ್ಜಿ ಹಾಕಿದಳು. ಎದುರು ಪಕ್ಷದ ವಕೀಲರು ಆ ಎರಡು ವರ್ಷ ಎಲ್ಲಿದ್ದರೆಂದು ತಿಳಿಸಬೇಕು ಎಂದು, ಆ ಮೂವರು ಮಧ್ಯಸ್ಥಗಾರರ ಮುಂದೆ.

ಮುಂದಿನ ವಿಚಾರಣೆಯ ದಿನ ಅವನು ಕಾಗದವಿಲ್ಲದೆ ಎದ್ದುನಿಂತ.

"ಮೂರನೇ ಮಹಡಿಯ ಮಾತು ಇವರ ಸಾಕ್ಷಿಯೇ ಮೊದಲ ದಿನ ಹೇಳಿದ್ದು. ದಾಖಲೆಯಲ್ಲಿದೆ. ಮೇಡಂ ಆಗ ಕಾಗದ ನೋಡ್ತಾ ಇರಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಆಗ ತಾನು ಏನು ನೋಡುತ್ತಿದ್ದೆನೆಂದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಇನ್ನು ಆ ಎರಡು ವರ್ಷ. ನಾನು ಮನೇಲಿದ್ದೆ. ವಿಚ್ಛೇದನ ಆದಾಗ ಮಗಳಿಗೆ ಇನ್ನೂ ನಡೆಯೋಕೆ ಬರ್ತಿರಲಿಲ್ಲ. ಮಗು ಸಾಕಿದ್ದನ್ನ ಅನುಭವ ಅಂತ ಬರೆಯೋಕೆ ಸಂಸ್ಥೆಯವರು ಒಪ್ಪಲಿಲ್ಲ." ಅವನು ಒಂದು ಉಸಿರು ತೆಗೆದುಕೊಂಡ. "ಕೇಳದಿದ್ದರೂ ಹೇಳಬೇಕಾದ್ದು ಇನ್ನೊಂದಿದೆ. ಎದುರು ಪಕ್ಷದ ವಕೀಲರ ಮೇಲೆ ನನಗೆ ಮನಸ್ಸಾಗಿದೆ. ಅವರಿಗೆ ಇದು ಗೊತ್ತಿಲ್ಲ. ಹಾಗಾಗಿ ಈ ಕೇಸಿಂದ ನಾನು ಹಿಂದೆ ಸರೀತಿದ್ದೀನಿ."

ಪಕ್ಕದಲ್ಲಿ ಕೂತಿದ್ದ ಅವನ ಸೀನಿಯರ್ ವಕೀಲರು ತಲೆ ಎತ್ತಲಿಲ್ಲ. ಬೆಳಿಗ್ಗೆಯೇ ಅವನೊಡನೆ ಈ ಬಗ್ಗೆ ಜಗಳವಾಡಿ ಸುಸ್ತಾದಂತಿದ್ದರು. ಟೈಪಿಸ್ಟ್ ಬೆರಳು ನಿಲ್ಲಿಸಿ ಮಧ್ಯಸ್ಥಗಾರರ ಅಧ್ಯಕ್ಷರತ್ತ ನೋಡಿದಳು.

ಮುದಿ ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. "ಹಿಂದೆ ಸರಿದದ್ದು ಬರ್ಕೊಳ್ಳಮ್ಮ. ಕಾರಣ ಬೇಡ. ಹತ್ತು ನಿಮಿಷ ವಿರಾಮ."

ಅವಳು ಕಾರಿಡಾರಿಗೆ ಬಂದಾಗ ಅವನು ಕಿಟಕಿಯ ಬಳಿ ಕೋಟು ಕಳಚಿ ಮಡಚಿಕೊಳ್ಳುತ್ತಿದ್ದ.

"ಎಲ್ಲರ ಮುಂದೆ ಹೇಳೋಕೆ ಮುಂಚೆ ನನಗೊಂದು ಮಾತು ಹೇಳಬಾರದಿತ್ತಾ?"

"ನೀವೂ ಎಲ್ಲರ ಮುಂದೆಯೇ ಕೇಳಿದ್ರಿ."

"ಇಷ್ಟು ದೊಡ್ಡ ಕೇಸು ಬಿಟ್ಟುಬಿಟ್ರಲ್ಲ."

"ಇಟ್ಕೊಂಡಿದ್ರೆ ನಾನು ಏನು ಹೇಳಿದ್ರೂ ಅದರ ಹಿಂದೆ ಏನಿದೆ ಅಂತ ನೀವು ಹುಡುಕ್ತಾನೇ ಇರ್ತಿದ್ರಿ."

ಅದು ನಿಜ. ಈಗಲೂ ಅವಳ ಮನಸ್ಸು ಹುಡುಕುತ್ತಿತ್ತು, ಒಂದು ಸಣ್ಣ ಸುಳ್ಳಾದರೂ ಸಿಕ್ಕೀತೇನೋ ಎಂದು. ಎಡಗಣ್ಣು, ಬಲಗಣ್ಣು, ಗಡಿಬಿಡಿಯಲ್ಲಿ ಕ್ಷೌರ ಮಾಡಿಕೊಂಡ ಗದ್ದ. ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವಳಿಗೆ ಭಯವಾಯಿತು.

"ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ," ಎಂದಳು. "ಆ ಅರ್ಜಿ ಬರೀ ಕೇಸಿಗೋಸ್ಕರ ಹಾಕಿದ್ದಲ್ಲ. ನಿಮಗೆ ಮನೇಲಿ ಯಾರಾದ್ರೂ ಇದ್ದಾರಾ ಅಂತ ತಿಳ್ಕೊಬೇಕಿತ್ತು."

ಅವನು ನಗಲಿಲ್ಲ. "ಇದ್ದಾಳೆ. ಈಗ ಆರು ವರ್ಷ. ನಿಮಗಿಂತ ಅನುಮಾನದವಳು."

"ಏನು ಕೇಳ್ತಾಳೆ?"

"ಮನೆಗೆ ಯಾರು ಬಂದ್ರೂ ಒಂದೇ ಪ್ರಶ್ನೆ. ಎಷ್ಟು ದಿನ ಇರ್ತೀರಾ, ಅಂತ."

ವಿರಾಮ ಮುಗಿಯಿತೆಂದು ಒಳಗಿನಿಂದ ಕರೆದರು. ಸಾಕ್ಷಿಗಳಿಗೆ ಪ್ರತಿ ಉತ್ತರವನ್ನೂ ಹತ್ತು ಸಲ ಯೋಚಿಸಿ ಹೇಳಿ ಎಂದು ಕಲಿಸುವವಳು ಅವಳು. ಬಾಗಿಲ ಹಿಡಿ ಹಿಡಿದವಳು ತಿರುಗಿ ಕೇಳಿದಳು:

"ಭಾನುವಾರ ಮನೇಲಿರ್ತಾಳಾ? ಉತ್ತರ ನಾನೇ ಬಂದು ಅವಳಿಗೆ ಹೇಳ್ತೀನಿ."